ಎಲೆ ಹಂಚುವವನ ಕಣ್ಣು ಎಲ್ಲಿದೆ?

ಆನ್‌ಲೈನ್ ಪೋಕರ್ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಜಗಳದಲ್ಲಿ ನಮ್ಮ ದೇಶ ವರ್ಷಗಟ್ಟಲೆ ಕಳೆಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ತಮಿಳುನಾಡಿನಲ್ಲೂ ಇದೇ ಕತೆ: ಒಂದು ಕಾನೂನು 2021ರಲ್ಲಿ ಬಿತ್ತು, ಇನ್ನೊಂದು ಎದ್ದಿತು, 2023ರಲ್ಲಿ ಮದ್ರಾಸ್ ಹೈಕೋರ್ಟು ರಮ್ಮಿ ಮತ್ತು ಪೋಕರನ್ನು ನಿಷೇಧದ ಪಟ್ಟಿಯಿಂದ ಹೊರಗಿಟ್ಟಿತು. ಕೊನೆಗೆ 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರು ದಿನದಲ್ಲಿ ಕೇಂದ್ರದ ಕಾಯ್ದೆ ಬಂದು, ಕೌಶಲವಾಗಲಿ ಅದೃಷ್ಟವಾಗಲಿ, ಹಣದ ಆಟವೇ ಬೇಡ ಎಂದುಬಿಟ್ಟಿತು.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಎಲೆ ಹಂಚುವವನು ನನ್ನ ಎಲೆ ನೋಡುತ್ತಿದ್ದಾನೆಯೇ? ನೋಡುತ್ತಿದ್ದರೆ ಅದು ನನಗೆ ಗೊತ್ತಾಗುವ ದಾರಿ ಯಾವುದು? ಆಟ ಬೇಕು ಎಂದವರಿಗೂ ಈ ಪ್ರಶ್ನೆ ಬೇಡವಾಗಿತ್ತು, ಆಟ ಬೇಡ ಎಂದವರಿಗೂ ಬೇಡವಾಗಿತ್ತು. ನನ್ನ ತಕರಾರು ಇಬ್ಬರ ಮೇಲೂ ಇದೆ.

ಪೋಕರ್ ಆಡದ ಓದುಗರಿಗೆ ಎರಡು ಮಾತು. ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ, ಆಮೇಲೆ ಐದು ಎಲೆ ಎಲ್ಲರಿಗೂ ಕಾಣುವಂತೆ ನಡುವೆ ಬೀಳುತ್ತವೆ. ಆಟದ ಜೀವವೆಲ್ಲ ಆ ಮುಚ್ಚಿದ ಎರಡು ಎಲೆಗಳಲ್ಲಿದೆ. ಎದುರಿನವನ ಕೈಯಲ್ಲಿ ಏನಿರಬಹುದು ಎಂದು ಲೆಕ್ಕ ಹಾಕುವುದೇ ಕೌಶಲ. ಆ ಎರಡು ಎಲೆ ಒಬ್ಬನಿಗೆ ಕಂಡುಬಿಟ್ಟರೆ ಅಲ್ಲಿ ಕೌಶಲವೂ ಇಲ್ಲ, ಅದೃಷ್ಟವೂ ಇಲ್ಲ. ಉಳಿಯುವುದು ಸುಲಿಗೆ ಮಾತ್ರ.

ನಮ್ಮ ಮಂಡ್ಯ ಕಡೆ ಯುಗಾದಿಗೆ ಇಸ್ಪೀಟು ಆಡದ ಊರು ಅಪರೂಪ. ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿ ಆಡುವ ಆ ಆಟವನ್ನು ನಾನು ಹೊಗಳಲು ಹೊರಟಿಲ್ಲ. ಅದು ಮುರಿದ ಮನೆಗಳೂ ಇವೆ. ಆದರೆ ಅಲ್ಲೊಂದು ವ್ಯವಸ್ಥೆ ಇರುತ್ತದೆ. ಎಲೆ ಕಲಸಿದವನು ಒಬ್ಬ, ಕಟ್ ಮಾಡುವವನು ಇನ್ನೊಬ್ಬ, ಸುತ್ತ ನಿಂತು ನೋಡುವವರು ಹತ್ತು ಜನ. ತೋಳಿನಲ್ಲಿ ಎಲೆ ಅಡಗಿಸಿದವನ ಕೊರಳಪಟ್ಟಿಗೆ ಕೈ ಹಾಕಲು ಯಾರ ಅಪ್ಪಣೆಯೂ ಬೇಡ. ಆನ್‌ಲೈನಿನಲ್ಲಿ ಕಲಸುವವನು, ಕಟ್ ಮಾಡುವವನು, ದುಡ್ಡು ಇಟ್ಟುಕೊಳ್ಳುವವನು, ಜಗಳ ಬಂದರೆ ತೀರ್ಪು ಹೇಳುವವನು ಎಲ್ಲ ಒಬ್ಬನೇ. ನಮ್ಮೆಲ್ಲರ ಎಲೆಗಳೂ ಅವನ ಸರ್ವರ್‌ನ ಮೆಮೊರಿಯಲ್ಲಿ ಮಗುಚದೆ ಬಿದ್ದಿರುತ್ತವೆ.

ನಮ್ಮ ಟೀಮಿನಲ್ಲಿ ಧಾರವಾಡದ ಕಡೆಯ ಹುಡುಗನೊಬ್ಬನಿದ್ದ. ಒಳ್ಳೆಯ ಕೋಡರ್, ಲೆಕ್ಕದಲ್ಲಿ ಚುರುಕು. ನಿಷೇಧಕ್ಕೆ ಮೊದಲು ಎರಡು ವರ್ಷ ಒಂದು ಆ್ಯಪ್‌ನಲ್ಲಿ ಆಡಿ, ಒಂದು ಕಾರಿನ ಡೌನ್‌ಪೇಮೆಂಟ್‌ನಷ್ಟು ಕಳೆದುಕೊಂಡಿದ್ದ. ಒಂದು ದಿನ ಕ್ಯಾಂಟೀನಿನಲ್ಲಿ ಕೇಳಿದಾಗ ಅವನು ಅಂದದ್ದು: "ಮೋಸ ಇಲ್ಲರೀ ಸರ್. ಎಲಿ ಕಲಸೂದು ಕಂಪ್ಯೂಟರ್, ಮನಷ್ಯಾ ಅಲ್ಲ. ಅದಕ್ಕ ಸರ್ಟಿಫಿಕೇಟ್ ಐತ್ರಿ." ಸ್ವಲ್ಪ ದಿನದ ಮೇಲೆ ಅವನಿಗೇ ಒಂದು ಖಾತೆಯ ಮೇಲೆ ಅನುಮಾನ ಬಂತು. ಆ್ಯಪ್‌ನವರಿಗೆ ಬರೆದ. ಪರಿಶೀಲಿಸಿದ್ದೇವೆ, ಅಕ್ರಮ ಕಂಡುಬಂದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಏನು ಪರಿಶೀಲಿಸಿದರು, ಯಾರು ಪರಿಶೀಲಿಸಿದರು, ಏನು ಕಂಡಿತು, ಒಂದೂ ಇಲ್ಲ. ಅವನು ಸೋತದ್ದು ಕೌಶಲ ಸಾಲದೆಯೋ, ಮೋಸದಿಂದಲೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೇ ಇಲ್ಲ. ನನ್ನ ಮಟ್ಟಿಗೆ ಇಡೀ ಅನ್ಯಾಯ ಇರುವುದು ಇಲ್ಲೇ. ಸೋತವನಿಗೆ ತಾನು ಏಕೆ ಸೋತೆ ಎಂದು ತಿಳಿಯುವ ಹಕ್ಕಿಲ್ಲದ ಆಟವನ್ನು ನ್ಯಾಯದ ಆಟ ಎಂದು ಕರೆಯುವುದು ಹೇಗೆ?

ಇನ್ನು ಆ ಸರ್ಟಿಫಿಕೇಟಿನ ವಿಷಯ. ಅದು ಹೇಳುವುದು ಒಂದೇ ಸಂಗತಿ: ಎಲೆ ಕಲಸಲು ಬಳಸುವ ಯಾದೃಚ್ಛಿಕ ಸಂಖ್ಯೆಗಳು ಸರಿಯಾಗಿವೆ ಎಂದು. ಇದು ಬೇಕಾದದ್ದೇ. 1999ರಲ್ಲಿ ಅಮೆರಿಕದ ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಎಂಬ ಸಂಸ್ಥೆಯ ಎಂಜಿನಿಯರುಗಳು ಇದು ಏಕೆ ಬೇಕು ಎಂದು ತೋರಿಸಿದರು. ಪ್ಲಾನೆಟ್ ಪೋಕರ್ ತಾಣ ಬಳಸುತ್ತಿದ್ದ ತಂತ್ರಾಂಶದ ತಯಾರಕರು, ನಮ್ಮ ಆಟ ಎಷ್ಟು ಶುದ್ಧ ನೋಡಿ ಎಂದು ಎಲೆ ಕಲಸುವ ಕೋಡನ್ನೇ ಪ್ರಕಟಿಸಿದ್ದರು. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆ 8ರ ಮುಂದೆ 67 ಸೊನ್ನೆ ಇಟ್ಟಷ್ಟು. ಆದರೆ ಆ ಕೋಡು ಶುರುವಾಗುತ್ತಿದ್ದದ್ದು 32 ಬಿಟ್‌ನ ಒಂದು ಬೀಜಸಂಖ್ಯೆಯಿಂದ. ಅಂದರೆ ಹೆಚ್ಚೆಂದರೆ ಸುಮಾರು 429 ಕೋಟಿ ಬಗೆ. ಆ ಬೀಜವೂ ನಡುರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಎಂಬ ಲೆಕ್ಕದಿಂದ ಬರುತ್ತಿತ್ತು. ದಿನಕ್ಕೆ ಇರುವುದು 8 ಕೋಟಿ 64 ಲಕ್ಷ ಮಿಲಿಸೆಕೆಂಡ್ ಮಾತ್ರ. ತಮ್ಮ ಗಡಿಯಾರವನ್ನು ಸರ್ವರ್‌ನ ಗಡಿಯಾರಕ್ಕೆ ಹೊಂದಿಸಿಕೊಂಡು ಇವರು ಅದನ್ನು ಸುಮಾರು 2 ಲಕ್ಷಕ್ಕೆ ಇಳಿಸಿದರು. ತಮ್ಮ ಎರಡು ಎಲೆ, ನಡುವೆ ಬಿದ್ದ ಮೂರು ಎಲೆ, ಇಷ್ಟು ಗೊತ್ತಾದರೆ ಸಾಕು; ಎಲ್ಲರ ಕೈಯೂ, ಮುಂದೆ ಬೀಳುವ ಎಲೆಯೂ ಪರದೆಯ ಮೇಲೆ ಬರುತ್ತಿತ್ತು.

ಆ ತೂತು ಮುಚ್ಚಿತು. ಯಾಕೆ ಮುಚ್ಚಿತು? ಕೋಡು ಹೊರಗಿದ್ದದ್ದರಿಂದ, ಹೊರಗಿನವರು ನೋಡಿದ್ದರಿಂದ. ಇದು ನೆನಪಿರಲಿ. ಆದರೆ ಕಲಸುವುದು ಸರಿಯಾಗಿದೆ ಎನ್ನುವುದು, ಕಲಸಿದ ಮೇಲೆ ಯಾರೂ ಇಣುಕುತ್ತಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಮನೆಯ ಬೀಗ ಗಟ್ಟಿಯಿದೆ ಎಂದು ಸರ್ಟಿಫಿಕೇಟ್ ಕೊಟ್ಟವನು ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ಹೇಳಿರುವುದಿಲ್ಲ.

ಬೀಗದ ಕೈಯ ಕತೆ ಹೊರಬಿದ್ದದ್ದು 2007ರಲ್ಲಿ. ಅಬ್ಸಲ್ಯೂಟ್ ಪೋಕರ್ ಎಂಬ ತಾಣದಲ್ಲಿ 1000 ಡಾಲರ್ ಪ್ರವೇಶದ ಒಂದು ಟೂರ್ನಮೆಂಟನ್ನು 'ಪಾಟ್‌ರಿಪ್ಪರ್' ಎಂಬ ಖಾತೆ ಗೆದ್ದಿತು. ಎರಡನೆಯವನಾಗಿ ಬಂದ ಆಟಗಾರನಿಗೆ ಅನುಮಾನ ಬಂದು ಆಟದ ದಾಖಲೆ ಕೇಳಿದ. ಕಂಪನಿಯವರು ಕಳಿಸಿದ ಕಡತದಲ್ಲಿ, ಕಳಿಸಬಾರದಿದ್ದದ್ದೆಲ್ಲ ಇತ್ತು: ಪ್ರತಿಯೊಬ್ಬನ ಮುಚ್ಚಿದ ಎಲೆ, ಐಪಿ ವಿಳಾಸ, ಯಾರು ಯಾವ ಮೇಜನ್ನು ನೋಡುತ್ತಿದ್ದರು ಎಂಬ ವಿವರ. ಆಟಗಾರರು ಕೂತು ಸಾಲು ಸಾಲಾಗಿ ಓದಿದರು. ಪಾಟ್‌ರಿಪ್ಪರ್ ಮೊದಲ ಎರಡು ಕೈ ಸುಮ್ಮನೆ ಬಿಟ್ಟಿದ್ದ. ಅಷ್ಟರಲ್ಲಿ 363 ಎಂಬ ಸಂಖ್ಯೆಯ ಖಾತೆಯೊಂದು ಪ್ರೇಕ್ಷಕನಾಗಿ ಆ ಮೇಜಿಗೆ ಬಂತು. ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ ಪಾಟ್‌ರಿಪ್ಪರ್ ನಡುವಿನ ಎಲೆ ಬೀಳುವ ಮುಂಚೆ ಒಂದು ಕೈಯನ್ನೂ ಬಿಡಲಿಲ್ಲ. ಬಿಟ್ಟದ್ದು ಎದುರಿನವನ ಹತ್ತಿರ ಜೋಡಿ ರಾಜ ಬಂದಾಗ. ಅಷ್ಟು ಸಣ್ಣ ಖಾತೆ ಸಂಖ್ಯೆ ಹೊಸ ಗಿರಾಕಿಯದಾಗಿರಲು ಸಾಧ್ಯವಿರಲಿಲ್ಲ. ಮೊದಲು ಇಲ್ಲವೇ ಇಲ್ಲ ಎಂದಿದ್ದ ಕಂಪನಿ ಕೊನೆಗೆ ಒಪ್ಪಿಕೊಂಡಿತು. ಕೆನಡಾದ ಕಾನವಾಗೆಯ ಗೇಮಿಂಗ್ ಆಯೋಗ 5 ಲಕ್ಷ ಡಾಲರ್ ದಂಡ ಹಾಕಿತು.

ಅದರ ಸೋದರ ತಾಣ ಅಲ್ಟಿಮೇಟ್‌ಬೆಟ್‌ನದು ಇನ್ನೂ ದೊಡ್ಡದು. 'ನಿಯೊನಿಯೊ' ಎಂಬ ಖಾತೆಯ ಗೆಲುವನ್ನು ಆಟಗಾರರೇ ಗ್ರಾಫಿಗೆ ಹಾಕಿ ನೋಡಿದರು. ಉಳಿದ ಆಟಗಾರರ ಚುಕ್ಕಿಗಳು ಒಂದು ಕಡೆ ಗುಂಪಾಗಿದ್ದರೆ ಈ ಒಂದು ಚುಕ್ಕಿ ಊರಾಚೆಯ ಹುಣಸೆಮರದಂತೆ ಒಂಟಿಯಾಗಿ ನಿಂತಿತ್ತು. ತಂತ್ರಾಂಶದೊಳಗೇ, ಆಟ ನಡೆಯುತ್ತಿರುವಾಗ ಎಲ್ಲರ ಎಲೆ ತೋರಿಸುವ ಕೋಡು ಇತ್ತು. 2004ರ ಮೇ ತಿಂಗಳಿಂದ 2008ರ ಜನವರಿಯವರೆಗೆ ಮೋಸ ನಡೆದಿತ್ತು ಎಂದು ಆಯೋಗ ಹೇಳಿತು; 1994ರ ವಿಶ್ವ ಪೋಕರ್ ಸರಣಿಯ ಚಾಂಪಿಯನ್ ರಸ್ ಹ್ಯಾಮಿಲ್ಟನ್ ಇದರ ಮುಖ್ಯ ಹೊಣೆಗಾರ ಎಂದು ಹೆಸರಿಸಿತು. 15 ಲಕ್ಷ ಡಾಲರ್ ದಂಡ ಬಿತ್ತು, ಆಟಗಾರರಿಗೆ ಸುಮಾರು 2.2 ಕೋಟಿ ಡಾಲರ್ ಹಿಂದಿರುಗಿಸಬೇಕಾಯಿತು. ಎರಡೂ ತಾಣಗಳ ಮಾಲೀಕ ಸಂಸ್ಥೆ ಆಗ ಜೋಸೆಫ್ ನಾರ್ಟನ್ ಅವರದ್ದು. ಆ ಆಯೋಗ 1996ರಲ್ಲಿ ಹುಟ್ಟಿದ್ದು ಅವರೇ ಕಾನವಾಗೆಯ ಮಹಾಮುಖ್ಯಸ್ಥರಾಗಿದ್ದ ಕಾಲದಲ್ಲಿ. ಬೇಲಿಗೂ ಹೊಲಕ್ಕೂ ಇಷ್ಟು ನೆಂಟಸ್ತನ ಇರುವಲ್ಲಿ ಆಟಗಾರ ಯಾರನ್ನು ನಂಬಬೇಕು?

ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಎರಡೂ ಕಡೆ ಕಳ್ಳನನ್ನು ಹಿಡಿದದ್ದು ಕಂಪನಿಯಲ್ಲ, ಆಯೋಗವಲ್ಲ, ಸೋತ ಆಟಗಾರರು. ಅದೂ ಒಂದು ಕಡೆ ಕಡತ ಕೈತಪ್ಪಿ ಬಂದದ್ದರಿಂದ, ಇನ್ನೊಂದು ಕಡೆ ಕಳ್ಳ ಅತಿಯಾಸೆಗೆ ಬಿದ್ದದ್ದರಿಂದ. ಎಲ್ಲರ ಎಲೆ ಕಂಡರೂ ಆಗಾಗ ಬೇಕೆಂದೇ ಸೋತು, ತಿಂಗಳಿಗೆ ಒಂದಿಷ್ಟು ಮಾತ್ರ ಗೆದ್ದುಕೊಂಡು ಹೋಗುವ ಬುದ್ಧಿವಂತ ಕಳ್ಳ ಗ್ರಾಫಿನ ಗುಂಪಿನೊಳಗೇ ಇರುತ್ತಾನೆ. ಪೋಕರ್‌ನಲ್ಲಿ ಏರಿಳಿತ ಸಹಜ. ಆ ಏರಿಳಿತವೇ ಅವನಿಗೆ ಮುಸುಕು. ನಾವು ಹೆಸರು ಕೇಳಿರುವುದು ಪೆದ್ದ ಕಳ್ಳರದ್ದು ಮಾತ್ರ.

ಎರಡನೆಯದು, ಈ ಎಲೆ ಇಣುಕುವ ಮೋಸಕ್ಕಾಗಿ ಯಾರೂ ಜೈಲಿಗೆ ಹೋಗಲಿಲ್ಲ. ಅಬ್ಸಲ್ಯೂಟ್ ಪೋಕರ್‌ನ ಸಹಸ್ಥಾಪಕರೊಬ್ಬರಿಗೆ 2012ರಲ್ಲಿ ಅಮೆರಿಕದಲ್ಲಿ 14 ತಿಂಗಳ ಶಿಕ್ಷೆಯಾಯಿತು ನಿಜ. ಅದು ಆಟದ ಹಣವನ್ನು ಬೇರೆ ವ್ಯಾಪಾರದ ಹಣವೆಂದು ತೋರಿಸಿ ಬ್ಯಾಂಕುಗಳಿಗೆ ಮೋಸ ಮಾಡಿದ್ದಕ್ಕೆ. ಬ್ಯಾಂಕಿಗೆ ಸುಳ್ಳು ಹೇಳಿದರೆ ಸೆರೆಮನೆ, ಆಟಗಾರನ ಜೇಬು ಕತ್ತರಿಸಿದರೆ ದಂಡ ಕಟ್ಟಿ ಅಂಗಡಿ ಮುಂದುವರಿಸಬಹುದು.

ಎಲೆಯ ಮಾತು ಬಿಡಿ, ಮೇಜಿನ ಮೇಲಿನ ದುಡ್ಡಾದರೂ ಭದ್ರವೇ? 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದಾಗ ಫುಲ್ ಟಿಲ್ಟ್ ಪೋಕರ್‌ನ ಪೆಟ್ಟಿಗೆ ತೆರೆದುಕೊಂಡಿತು. ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಉಳಿದದ್ದು ಎಲ್ಲಿ? ಮಾಲೀಕರು ಮತ್ತು ನಿರ್ದೇಶಕರು ವರ್ಷಗಳ ಕಾಲ 40 ಕೋಟಿಗೂ ಮೀರಿ ಹಂಚಿಕೊಂಡಿದ್ದರು. ಅವರಲ್ಲಿ ಪೋಕರ್ ಜಗತ್ತಿನ ದೊಡ್ಡ ದೊಡ್ಡ ತಾರೆಗಳಿದ್ದರು. ಸರ್ಕಾರಿ ವಕೀಲ ಪ್ರೀತ್ ಭರಾರ ಇದನ್ನು ಪೊಂಜಿ ಯೋಜನೆ ಎಂದೇ ಕರೆದರು. ಪರದೆಯ ಮೇಲೆ ಆಟಗಾರನ ಬಾಕಿ ಕಾಣುತ್ತಿತ್ತು; ಅದು ಬರೀ ಅಂಕಿ.

ಇದೆಲ್ಲ ಹಳೆಯ ಕತೆ, ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ಬದಲಾಗಿದೆ, ಆದರೆ ಯಾವ ಕಡೆಗೆ? 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ ಮಾಡಿದ ಪ್ಲುರಿಬಸ್ ಎಂಬ ಪ್ರೋಗ್ರಾಂ ಆರು ಜನರ ಮೇಜಿನಲ್ಲಿ ವೃತ್ತಿಪರರನ್ನು ಸೋಲಿಸಿತು. ಅದನ್ನು ತಯಾರು ಮಾಡಲು ತಗುಲಿದ ಕ್ಲೌಡ್ ಖರ್ಚು 150 ಡಾಲರಿಗಿಂತ ಕಡಿಮೆ. ಈಗ ಎದುರಿನವನು ಮನುಷ್ಯನೋ, ಬಾಟೋ, ಬಾಟಿನ ಸಲಹೆ ಕೇಳುತ್ತ ಕೂತ ಮನುಷ್ಯನೋ ನನಗೆ ಕಾಣುವುದಿಲ್ಲ. ನಾಲ್ಕು ಗೆಳೆಯರು ವಾಟ್ಸಾಪಿನಲ್ಲಿ ಎಲೆ ಹೇಳಿಕೊಳ್ಳುತ್ತ ಐದನೆಯವನನ್ನು ತಿನ್ನುತ್ತಿದ್ದರೂ ಕಾಣುವುದಿಲ್ಲ. ಕಾಣಬಹುದಾದದ್ದು ಕಂಪನಿಗೆ ಮಾತ್ರ, ಏಕೆಂದರೆ ಎಲ್ಲ ದಾಖಲೆ ಇರುವುದು ಅದರ ಬಳಿ. ಆ ಕಂಪನಿಗೆ ಪ್ರತಿ ಕೈಯಲ್ಲೂ ಪಾಲು ಬರುತ್ತದೆ. ಬಾಟ್ ಆಡಿದರೂ ಬರುತ್ತದೆ, ಕಳ್ಳ ಆಡಿದರೂ ಬರುತ್ತದೆ. ತನ್ನ ಆದಾಯವನ್ನು ತಾನೇ ಕತ್ತರಿಸುವಂತೆ ಪೊಲೀಸಗಿರಿ ಮಾಡು ಎಂದು ನಾವು ಅದರ ಒಳ್ಳೆಯತನಕ್ಕೆ ಬಿಟ್ಟಿದ್ದೇವೆ.

ಮುಂಬಯಿ, ಪುಣೆಯಲ್ಲಿ ಬದುಕುವ ನಮಗೆ ಮಟ್ಕಾ ಗೊತ್ತು. ಅದು ಶುರುವಾದಾಗ ಜನ ಬಾಜಿ ಕಟ್ಟುತ್ತಿದ್ದದ್ದು ನ್ಯೂಯಾರ್ಕಿನಿಂದ ಬರುವ ಹತ್ತಿಯ ದರದ ಮೇಲೆ. ಆಡಿಸುವವನು ಬೊಂಬಾಯಿಯಲ್ಲಿ, ಅಂಕಿ ಹುಟ್ಟುವುದು ಸಾಗರದಾಚೆ. ಕಾನೂನುಬಾಹಿರ ಜೂಜುಕೋರರಿಗೂ ಒಂದು ತತ್ವ ಗೊತ್ತಿತ್ತು: ಆಡಿಸುವವನ ಕೈಗೆ ಎಟುಕುವ ಕಡೆ ಅಂಕಿ ಹುಟ್ಟಬಾರದು. ನಮ್ಮ ಹೊಳೆಯುವ ಆ್ಯಪ್‌ಗಳು, ಕ್ರಿಕೆಟ್ ಮತ್ತು ಸಿನಿಮಾ ತಾರೆಯರ ಜಾಹೀರಾತಿನೊಂದಿಗೆ, ಆ ತತ್ವವನ್ನು ಬಿಟ್ಟುಕೊಟ್ಟು ನಂಬಿಕೆ ಕೇಳಿದವು.

ಈಗ ಕೌಶಲದ ವಾದಕ್ಕೆ ಬರೋಣ. ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ್ದು ಕ್ಲಬ್ಬಿನಲ್ಲಿ ಮುಖಾಮುಖಿ ಕೂತು ಆಡುವ ರಮ್ಮಿಯ ಬಗ್ಗೆ. ಆ ತೀರ್ಪನ್ನು ಎತ್ತಿಕೊಂಡು ಬಂದು ಪೋಕರ್ ಆ್ಯಪ್‌ಗಳೂ ನಮ್ಮದು ಕೌಶಲ ಎಂದವು. ಸರಿ, ಒಪ್ಪೋಣ. ಆದರೆ ಕೌಶಲ ಗೆಲ್ಲುವುದು ಎಲ್ಲರಿಗೂ ಒಂದೇ ಮಾಹಿತಿ ಇದ್ದಾಗ ಮಾತ್ರ. ಕೌಶಲ ಎಂದು ಕೋರ್ಟಿನಲ್ಲಿ ಹೇಳಿದವನ ಮೇಲೆ, ಆ ಸಮಾನತೆ ಇದೆ ಎಂದು ತೋರಿಸುವ ಹೊಣೆ ದುಪ್ಪಟ್ಟು ಬೀಳಬೇಕಿತ್ತು. ಬೀಳಲಿಲ್ಲ. ಸರ್ಕಾರವೂ 2023ರ ಏಪ್ರಿಲಿನಿಂದ ಗೆಲುವಿನ ಮೇಲೆ 30 ಶೇಕಡ ಆದಾಯ ತೆರಿಗೆ, ಅದೇ ಅಕ್ಟೋಬರಿನಿಂದ ಕಟ್ಟಿದ ಹಣದ ಮೇಲೆ 28 ಶೇಕಡ ಜಿಎಸ್‌ಟಿ ಎಂದು ಲೆಕ್ಕ ಹಾಕಿತು. 2023ರಲ್ಲಿ ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಗಳ ನಿಯಮ ಬರೆದು, ಒಂದು ಸಂಸ್ಥೆಯನ್ನೂ ಮಾನ್ಯ ಮಾಡದೆ ಬಿಟ್ಟಿತು. ದುಡ್ಡು ಎಣಿಸುವಾಗ ಇದ್ದ ಶ್ರದ್ಧೆ ಎಲೆ ನೋಡುವಾಗ ಇರಲಿಲ್ಲ.

ನಿಷೇಧವಾಯಿತಲ್ಲ, ಇನ್ನೇನು ಎನ್ನುವವರಿಗೆ ನನ್ನ ಉತ್ತರ ಇದು. ದೇಶದ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು, ನಿಜ. ಆಡುವ ಚಟ ನಿಲ್ಲಲಿಲ್ಲ. ವಿಪಿಎನ್ ಹಾಕಿ ವಿದೇಶಿ ತಾಣಕ್ಕೆ ಹೋಗುವವರಿದ್ದಾರೆ, ಏಜೆಂಟನ ಮೂಲಕ ಖಾಸಗಿ ಕ್ಲಬ್ ಆ್ಯಪ್‌ಗಳಲ್ಲಿ ಲೆಕ್ಕ ಇಟ್ಟು ಆಡುವವರಿದ್ದಾರೆ. ಅಲ್ಲಿ ಮೋಸವಾದರೆ ದೂರು ಯಾರಿಗೆ? ಹೊಸ ಕಾಯ್ದೆ ಆಡಿದವನನ್ನು ಶಿಕ್ಷಿಸುವುದಿಲ್ಲ, ಅದು ಒಳ್ಳೆಯದೇ. ಆದರೆ ಮೋಸ ಹೋದವನ ಮಾತು ಕೇಳುವ ಜಾಗವನ್ನೂ ಅದು ಕಟ್ಟಲಿಲ್ಲ. ಇನ್ನೊಂದು ಸಂಗತಿ: ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟು ಮುಟ್ಟಿವೆ. ಕಾಯ್ದೆ ಬಿದ್ದರೆ ಮಾರನೆಯ ಬೆಳಿಗ್ಗೆ ಅದೇ ಆ್ಯಪ್‌ಗಳು ಅದೇ ಸರ್ಟಿಫಿಕೇಟ್ ಹಿಡಿದು ಬಾಗಿಲಿಗೆ ಬರುತ್ತವೆ. ಆಗ ನಾವು ಏನು ಕೇಳಬೇಕು ಎಂದು ಈಗಲೇ ಗೊತ್ತಿರಬೇಕು.

ನಾನು ಕೇಳುವುದು ನಾಲ್ಕು. ಆಟಗಾರರ ಹಣ ಕಂಪನಿಯ ಕೈ ಸೇರದ ಪ್ರತ್ಯೇಕ ಖಾತೆಯಲ್ಲಿರಬೇಕು. ನಡೆಯುತ್ತಿರುವ ಆಟದ ಎಲೆಗಳನ್ನು ಯಾವ ಖಾತೆಯಿಂದ, ಯಾವ ಕ್ಷಣ ನೋಡಲಾಯಿತು ಎಂಬ ದಾಖಲೆ ಕಂಪನಿಯ ಹೊರಗೆ, ಅದು ಅಳಿಸಲಾರದ ಕಡೆ ಇರಬೇಕು. ಆಟ ಮುಗಿದು ಇಂತಿಷ್ಟು ದಿನದ ಮೇಲೆ ಎಲ್ಲರ ಮುಚ್ಚಿದ ಎಲೆಗಳೂ ಇರುವ ಪೂರ್ತಿ ದಾಖಲೆ, ದೂರು ಕೊಟ್ಟವನಿಗೂ ಸ್ವತಂತ್ರ ತನಿಖೆದಾರನಿಗೂ ಸಿಗಬೇಕು. ಎಲೆ ಇಣುಕಿದ ಮೋಸಕ್ಕೆ, ಬ್ಯಾಂಕಿಗೆ ಮಾಡಿದ ಮೋಸಕ್ಕಿರುವ ಶಿಕ್ಷೆಯೇ ಇರಬೇಕು.

ಇದು ಆಗದ ಮಾತು ಎನ್ನಬೇಡಿ. ಷೇರು ಬ್ರೋಕರು ಗಿರಾಕಿಯ ಹಣ, ಷೇರು ಮುಟ್ಟಬಾರದು ಎಂಬ ನಿಯಮ ಇರುವುದರಿಂದಲೇ 2019ರಲ್ಲಿ ಹೈದರಾಬಾದಿನ ಕಾರ್ವಿ ಗಿರಾಕಿಗಳ ಷೇರು ಅಡವಿಟ್ಟದ್ದು ಸೆಬಿಯ ಕಣ್ಣಿಗೆ ಬಿತ್ತು. ಹತ್ತಾರು ಸಾವಿರ ಜನರ ಷೇರು ಕೆಲವೇ ದಿನಗಳಲ್ಲಿ ಅವರ ಖಾತೆಗೆ ಮರಳಿದವು. ತಂತ್ರಜ್ಞಾನದ ಮಾತು ಹೇಳುವುದಾದರೆ, ನಂಬಿಕಸ್ಥ ಹಂಚುವವನೇ ಇಲ್ಲದೆ ದೂರದಿಂದ ಎಲೆ ಹಂಚಿಕೊಳ್ಳಬಹುದು ಎಂದು ಶಮೀರ್, ರಿವೆಸ್ಟ್, ಏಡಲ್‌ಮನ್ ಎಂಬ ಮೂವರು ಗೂಢಲಿಪಿ ಪಂಡಿತರು 1979ರಲ್ಲೇ ತೋರಿಸಿದರು. ಆ ದಾರಿಯಲ್ಲಿ ತೊಡಕುಗಳಿವೆ: ನಡುವೆ ಒಬ್ಬನ ಸಂಪರ್ಕ ಕಡಿದರೆ ಕಷ್ಟ, ಗೆಳೆಯರ ಕೂಟದ ಮೋಸ ಅದರಿಂದ ನಿಲ್ಲುವುದಿಲ್ಲ. ಆದರೂ ಹಂಚುವವನ ಕಣ್ಣು ಕಟ್ಟಲು ಸಾಧ್ಯ ಎಂಬುದಕ್ಕೆ ಲೆಕ್ಕಶಾಸ್ತ್ರದ ಆಧಾರ ಇದೆ. ಉದ್ಯಮಕ್ಕೆ ಆ ಆಸೆ ಹುಟ್ಟಲಿಲ್ಲ, ಅಷ್ಟೇ.

ಜೂಜುಕೋರರಿಗೆ ಮೋಸವಾದರೆ ನಮಗೇನು ಎಂದು ಈ ಪತ್ರಿಕೆಯ ಗಂಭೀರ ಓದುಗರು ಕೇಳಬಹುದು. ಸ್ವಾಮಿ, ನಿಯಮ ಬರೆಯುವವನು, ಲೆಕ್ಕ ಇಡುವವನು, ದುಡ್ಡು ಹಿಡಿಯುವವನು ಒಬ್ಬನೇ ಆಗಿರುವ ಆ್ಯಪ್ ಪೋಕರ್ ಒಂದೇ ಅಲ್ಲ. ಟ್ಯಾಕ್ಸಿಯ ದರ, ಡೆಲಿವರಿ ಹುಡುಗನ ರೇಟಿಂಗು, ಸಾಲದ ಆ್ಯಪ್‌ನ ಬಡ್ಡಿ, ಎಲ್ಲ ಕಡೆಯೂ ಎಲೆ ಮುಚ್ಚಿರುವುದು ನಮಗೆ ಮಾತ್ರ. ಪೋಕರ್‌ನಲ್ಲಿ ಅದು ಬೆತ್ತಲಾಗಿ ಕಾಣುತ್ತದೆ, ಅದಕ್ಕೇ ಅದು ಒಳ್ಳೆಯ ಪಾಠ.

ಇನ್ನು ನನ್ನ ಕಸುಬಿನವರಿಗೆ ಒಂದು ಮಾತು. ಬ್ಯಾಂಕಿನ ಗಿರಾಕಿಯ ಒಂದು ಸಾಲು ಮಾಹಿತಿ ನೋಡಬೇಕಾದರೆ ನಾವು ಟಿಕೆಟ್ ಹಾಕಬೇಕು, ಅನುಮತಿ ಬೇಕು, ನೋಡಿದ ಗುರುತು ಉಳಿಯಬೇಕು. ಆ ಶಿಸ್ತು ನಮಗೆ ಬರುತ್ತದೆ. ಅಲ್ಟಿಮೇಟ್‌ಬೆಟ್‌ನ ಆ ಇಣುಕುವ ಕೋಡು ತಾನಾಗಿ ಹುಟ್ಟಲಿಲ್ಲ. ಯಾರೋ ಒಬ್ಬ ಕೀಬೋರ್ಡಿನ ಮುಂದೆ ಕೂತು ಬರೆದ, ಯಾರೋ ಅದನ್ನು ಪ್ರೊಡಕ್ಷನ್‌ಗೆ ಹಾಕಿದ. ಶಕುನಿಯ ದಾಳವನ್ನು ಈಗ ನಮ್ಮಂಥವರೇ ಕೆತ್ತಿಕೊಡಬೇಕು. ನಾಳೆ ಹಣದ ಆಟದ ಪ್ರಾಜೆಕ್ಟ್ ನಿಮ್ಮ ಮೇಜಿಗೆ ಬಂದರೆ, ಅಡ್ಮಿನ್ ಪರದೆಯಲ್ಲಿ ಎಲ್ಲರ ಎಲೆ ಕಾಣುವ ಒಂದು ಸಣ್ಣ ಸೌಲಭ್ಯ ಬೇಕು, ಟೆಸ್ಟಿಂಗಿಗೆ ಅಷ್ಟೇ ಎಂದು ಯಾರಾದರೂ ಕೇಳಿದರೆ, ಅದನ್ನು ಯಾರು ನೋಡುತ್ತಾರೆ, ನೋಡಿದ್ದು ಎಲ್ಲಿ ದಾಖಲಾಗುತ್ತದೆ ಎಂದು ಮೊದಲು ಕೇಳಿ. ಉತ್ತರ ಬರೆದು ಕೊಡದಿದ್ದರೆ ಆ ಕೋಡು ಬರೆಯಬೇಡಿ.